ಎಲುಬಿಲ್ಲದ ಕೊತ್ತಂಬ್ರಿ ನೆಟ್ಟಗ ನಿಂದ್ರೋದು ಹೆಂಗ?

ಈ ಸಲ ಬಂದ ಪತ್ರಗಳ್ನ ಮುಂದಿಟ್ಕೊಂಡು ಕುಂತಾಗ ಒಂದು ಮಾತು ಗೊತ್ತಾತು. ಸಿಂಧನೂರು, ರಾಯಚೂರು, ಗಂಗಾವತಿ, ಕುಷ್ಟಗಿ ಅಂತ ಎಲ್ಲಾ ಕಡೆಯಿಂದ ಬ್ಯಾರೆ ಬ್ಯಾರೆ ಮಂದಿ ಬರದಾರ, ಒಬ್ರು ಅಡಗಿಮನಿ ಬಗ್ಗೆ ಕೇಳ್ಯಾರ, ಒಬ್ರು ಹತ್ತಿ ಹೊಲದ ಬಗ್ಗೆ ಕೇಳ್ಯಾರ, ಆದ್ರ ಎಲ್ಲಾದರ ಒಳಗೂ ಇರೋದು ಒಂದೇ ವಿಷಯ: ಗಿಡ ಯಾಕ ನೆಟ್ಟಗಿರ್ತೈತಿ, ಯಾಕ ಜೋತುಬೀಳ್ತೈತಿ. ಅದಕ್ಕ ಈ ಸಂಚಿಕಿಗೆ ಬ್ಯಾರೆ ಪ್ರಶ್ನೆ ಬಿಟ್ಟು ಇವಷ್ಟನ್ನೇ ತಗೊಂಡೀನಿ. ಮೊದಲ್ನೇ ಉತ್ತರ ಸ್ವಲ್ಪ ಉದ್ದ ಐತಿ, ಅದನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ, ಉಳಿದವೆಲ್ಲಾ ಅದರ ಮ್ಯಾಲೇ ನಿಂತಾವ.

ಪ್ರಶ್ನೆ: ಸಂತ್ಯಾಗ ತಂದ ಕೊತ್ತಂಬ್ರಿ ಸೂಡು ಮನಿಗೆ ಬರೂದ್ರಾಗ ಹಸಿ ಅರಿವಿ ಹಂಗ ಜೋತುಬಿದ್ದಿತ್ತು. ಒಂದು ಚರಿಗಿ ನೀರಾಗ ದಂಟು ಮುಳುಗಂಗ ಇಟ್ಟೆ, ಎರಡು ತಾಸಿನ್ಯಾಗ ಮತ್ತ ಎದ್ದು ನಿಂತು. ಏಳನೇತ್ತೆ ಓದೋ ಮಗಳು ಕೇಳ್ತಾಳ, ಅವ್ವಾ ಇದಕ್ಕ ಎಲುಬಿಲ್ಲ, ಕಟ್ಟಿಗಿ ಇಲ್ಲ, ಬೇರೂ ಕತ್ತರಿಸಿ ಹೋಗ್ಯಾವ, ಹೆಂಗ ನಿಂತು ಅಂತ. ನೀರು ಕುಡೀತು ಅಂದೆ. ಕುಡಿದ್ರ ನಿಂದ್ರೋದು ಯಾಕ ಅಂತ ಮತ್ತ ಕೇಳಿದ್ಲು, ನನಗ ಹೇಳಾಕ ಬರಲಿಲ್ಲ.
ಸಿಂಧನೂರಿನ ಒಬ್ಬ ತಾಯಿ

ಉತ್ತರ: ಅಕ್ಕಾರ, ಮಗಳು ಎರಡನೇ ಸಲ ಕೇಳಿದ್ದು ಐತಲ್ಲ, ಅದೇ ಖರೇ ಪ್ರಶ್ನೆ. ನೀರು ಕುಡೀತು ಅನ್ನೋದು ಎಲ್ಲಾರಿಗೂ ಗೊತ್ತು, ಕುಡದ ನೀರು ಒಳಗ ಹೋಗಿ ಏನ್ ಮಾಡ್ತೈತಿ ಅನ್ನೋದು ಭಾಳ ಮಂದಿ ಯೋಚನೆ ಮಾಡಂಗಿಲ್ಲ.

ಸೈಕಲ್ ಟ್ಯೂಬ್ ನೆನಸ್ಕೋರಿ. ಗಾಳಿ ಇಲ್ದಾಗ ಅದನ್ನ ಮಡಚಿ ಕಿಸೆದಾಗ ಇಟ್ಕೋಬಹುದು. ಅದೇ ಟ್ಯೂಬ್ ಟೈರ್ ಒಳಗ ಹಾಕಿ ಪಂಪ್ ಹೊಡದ್ರ ಮೂರು ಮಂದಿ ಕುಂತ್ರೂ ತಡೀತೈತಿ. ಟ್ಯೂಬಿಗೆ ಗಟ್ಟಿತನ ಇಲ್ಲ, ಗಾಳಿಗೂ ಇಲ್ಲ, ಗಾಳಿ ಹೊರಗ ಒತ್ತಿದಾಗ ಟೈರ್ ಒಳಗ ಒತ್ತತೈತಿ ನೋಡ್ರಿ, ಆ ಎರಡು ಒತ್ತಾಟದಾಗ ಗಟ್ಟಿತನ ಹುಟ್ಟತೈತಿ. ಕೊತ್ತಂಬ್ರಿ ಎಲಿಯ ಒಂದೊಂದು ಜೀವಕೋಶನೂ ಹಿಂಗೇ. ತೆಳ್ಳನ ಪೊರೆ ಅಂದ್ರ ಟ್ಯೂಬ್, ಅದರ ಹೊರಗ ಇರೋ ಕೋಶಭಿತ್ತಿ ಅಂದ್ರ ಟೈರ್, ಗಾಳಿ ಬದಲಿ ಒಳಗ ನೀರು. ಬೆಳದ ಜೀವಕೋಶದ ನಡಬರ್ಕ ರಸದಾನಿ ಅಂತ ಒಂದು ದೊಡ್ಡ ನೀರಿನ ಚೀಲ ಇರ್ತೈತಿ, ಕೋಶದ 80ರಿಂದ 90 ಪರ್ಸೆಂಟ್ ಜಾಗ ಅದೇ ಹಿಡಕೊಂಡಿರ್ತೈತಿ. ಅದರಾಗ ಇರೋದು ಬರೇ ನೀರಲ್ಲ, ಸಕ್ರಿ, ಪೊಟ್ಯಾಷಿಯಂ, ಬ್ಯಾರೆ ಲವಣ, ಹುಳಿ ಅಂಶ ಎಲ್ಲಾ ಕರಗಿದ ಗಟ್ಟಿ ರಸ.

ಈಗ ಪಂಪ್ ಹೊಡಿಯೋರು ಯಾರು ಅನ್ನೋದು ಬಂತು. ಯಾರೂ ಇಲ್ಲ. ಪೊರೆಗೆ ಒಂದು ಗುಣ ಐತಿ, ನೀರಿಗೆ ದಾರಿ ಬಿಡ್ತೈತಿ, ಒಳಗಿನ ಸಕ್ರಿಗೆ ಲವಣಕ್ಕ ಸುಲಭಕ್ಕ ಬಿಡಂಗಿಲ್ಲ. ತೆಳ್ಳಗಿದ್ದ ಕಡೆಯಿಂದ ಗಟ್ಟಿ ಇದ್ದ ಕಡೆಗೆ ನೀರು ತಾನೇ ಹರದು ಬರ್ತೈತಿ, ಸಾಲ್ಯಾಗ ಇದನ್ನ ಅಭಿಸರಣೆ ಅಂತ ಕಲಿಸ್ತಾರ, ಮಗಳಿಗೆ ಮುಂದಿನ ವರ್ಷಗಳಾಗ ಬರ್ತೈತಿ. ನೀರು ಬರ್ತೈತಿ, ರಸದಾನಿ ಉಬ್ಬತೈತಿ, ಪೊರೆನ ಗ್ವಾಡಿಗೆ ಒತ್ತತೈತಿ, ಗ್ವಾಡಿ ಸ್ವಲ್ಪ ಹಿಗ್ಗಿ ಆಮ್ಯಾಲೆ ಸಾಕು ಅಂತ ವಾಪಸ್ ಒತ್ತತೈತಿ, ಎರಡೂ ಸರಿಸಮ ಆದಾಗ ನೀರು ಒಳಗ ಬರೋದು ನಿಲ್ಲತೈತಿ. ಹಂಗ ಬಿಗದು ನಿಂತ ಸ್ಥಿತಿಗೆ ಟರ್ಗರ್ ಅಂತಾರ, ಆ ಒತ್ತಡಕ್ಕ ಟರ್ಗರ್ ಪ್ರೆಶರ್ ಅಂತಾರ. ಲಕ್ಷಗಟ್ಲೆ ಕೋಶ ಒಂದರ ಪಕ್ಕ ಒಂದು ಹಿಂಗ ಬಿಗದು ನಿಂತಾಗ ಎಲಿ ನೆಟ್ಟಗ. ನೀರು ಇಳದು ಒತ್ತಡ ಸೊನ್ನೆಗೆ ಬಂತಂದ್ರ ಎಲಿ ಜೋತುಬಿತ್ತು. ಕೊತ್ತಂಬ್ರಿ ನಿಮ್ಮ ಕೈಯಾಗ ಬಾಡಿದಾಗ ಅದು ಇನ್ನೂ ಸತ್ತಿರಲಿಲ್ಲ ಅಕ್ಕಾರ, ಬರೇ ಟೈರ್ ಇಳದಿತ್ತು.

ಒತ್ತಡ ಎಷ್ಟು ಇರ್ತೈತಿ ಅಂತ ಕೇಳಿದ್ರ ನಂಬಾಕ ಆಗಂಗಿಲ್ಲ. ಒತ್ತಡ ಅಳಿಯೋ ಅಳತಿಗೆ ಬಾರ್ ಅಂತಾರ, ಕಾರಿನ ಟೈರಿಗೆ ಹಾಕೋದು ಎರಡು, ಎರಡೂಕಾಲು ಬಾರ್. ಸಾಮಾನ್ಯ ಗಿಡದ ಜೀವಕೋಶದೊಳಗ ಇರೋದು 3ರಿಂದ 10 ಬಾರ್. ನಮ್ಮ ತುಂಗಭದ್ರಾ ಡ್ಯಾಮ್ ಅಡಿಪಾಯದಿಂದ ಹಿಡದ್ರ ಸುಮಾರು 49 ಮೀಟರ್ ಎತ್ತರ ಐತಿ, ನೀರು 10 ಮೀಟರ್ ನಿಂತ್ರ ತಳದಾಗ ಒಂದು ಬಾರ್ ಒತ್ತಡ, ಅಂದ್ರ ಅಷ್ಟೂ ಎತ್ತರಕ್ಕ ನೀರು ನಿಂತೈತಿ ಅಂತ ತಿಳಕೊಂಡ್ರೂ ಬುಡದಾಗ ಬರೋದು ಹೆಚ್ಚುಕಡಿಮಿ 5 ಬಾರ್. 2024ರ ಆಗಸ್ಟ್‌ನ್ಯಾಗ 19ನೇ ಕ್ರೆಸ್ಟ್ ಗೇಟ್ ಕೊಚ್ಚಿ ಹೋದಾಗ ನೀರಿನ ಜೋರು ಏನು ಅಂತ ನಾವೆಲ್ಲಾ ನೋಡೀವಿ, ಆ ಗೇಟ್ ಇರೋದು ಡ್ಯಾಮಿನ ಮ್ಯಾಲ್ತುದಿಗೆ, ಅಲ್ಲಿನ ಒತ್ತಡ ಬುಡದ ಒತ್ತಡಕ್ಕಿಂತ ಭಾಳ ಕಡಿಮಿ. ಅಷ್ಟು ಕಲ್ಲು, ಅಷ್ಟು ಗಾರೆ ತಡ್ಕೊಂಡು ನಿಂತಿರೋ ಒತ್ತಡನ ಹಸೇ ಎಲಿಯ ಒಂದೊಂದು ಕೋಶ ತಡ್ಕೊಂಡು ನಿಂದ್ರತೈತಿ. ನನಗ ಇದು ಮೊದಲ ಸಲ ತಿಳಿದಾಗ ಅವತ್ತು ಊಟದಾಗ ಕೊತ್ತಂಬ್ರಿ ಎಲಿ ಕೈಯಾಗ ಹಿಡಕೊಂಡು ಭಾಳ ಹೊತ್ತು ನೋಡೀನಿ.

ಒಡೆಯಂಗಿಲ್ಲ ಯಾಕ? ಗ್ವಾಡಿ ಸೆಲ್ಯುಲೋಸ್‌ದು, ಹತ್ತಿ ಎಳಿ ಇರ್ತೈತಲ್ಲ, ಅದೇ ವಸ್ತು. ದಪ್ಪ ನೋಡಿದ್ರ ತಲಿಗೂದಲಿನ ನೂರನೇ ಪಾಲು ಇರಬಹುದು, ಆದ್ರ ಕೋಶ ಭಾಳ ಸಣ್ಣದು. ಒತ್ತಡ ಒಂದೇ ಇದ್ರೂ ಡಬ್ಬಿ ಸಣ್ಣದಾದಷ್ಟು ಗ್ವಾಡಿ ಮ್ಯಾಲೆ ಬೀಳೋ ಎಳೆತ ಕಡಿಮಿ ಆಗ್ತೈತಿ. ಪ್ರಾಣಿಗಳ ಕೋಶಕ್ಕ ಈ ಗ್ವಾಡಿನೇ ಇಲ್ಲ, ಅದಕ್ಕ ನಮ್ಮ ರಕ್ತದ ಕೆಂಪುಕಣ ಬರೇ ನೀರಾಗ ಬಿದ್ರ ಉಬ್ಬಿ ಒಡದು ಹೋಗ್ತಾವ. ದವಾಖಾನಿಯೊಳಗ ಡ್ರಿಪ್ ಹಚ್ಚುವಾಗ ಬರೇ ನೀರು ಬಿಡದ 0.9 ಪರ್ಸೆಂಟ್ ಉಪ್ಪಿನ ಸಲೈನ್ ಬಿಡೋದು ಇದೇ ಕಾರಣಕ್ಕ. ನಮಗ ಎಲುಬು ಬೇಕಾಗೈತಿ, ಕೊತ್ತಂಬ್ರಿಗೆ ಬ್ಯಾಡ.

ಇನ್ನ ಬೇರಿಲ್ದ ಹೆಂಗ ಕುಡೀತು ಅನ್ನೋದು. ದಂಟಿನೊಳಗ ಕ್ಸೈಲಂ ಅಂತ ಸಣ್ಣ ಸಣ್ಣ ಕೊಳವಿ ಇರ್ತಾವ. ಎಲಿಯಿಂದ ನೀರು ಆವಿ ಆಗಿ ಹೋದಂಗ ಆ ಕೊಳವಿಯೊಳಗಿನ ನೀರು ಮ್ಯಾಲೆ ಎಳಕೊಂತೈತಿ, ಸ್ಟ್ರಾ ಹಾಕಿ ಎಳನೀರು ಕುಡದಂಗ. ಇಲ್ಲೊಂದು ಗೊಂದಲ ಭಾಳ ಮಂದಿಗೆ ಆಗ್ತೈತಿ, ಕೊಳವಿಯೊಳಗ ಇರೋದು ಎಳೆತ, ಕೋಶದೊಳಗ ಇರೋದು ಒತ್ತಡ, ಎರಡೂ ಬ್ಯಾರೆ. ಕೊಳವಿಯಿಂದ ನೀರು ಕೋಶದೊಳಗ ಹೋಗೂದು ಪೊರೆ ದಾಟಿ, ಆ ಪೊರೆಯೊಳಗ ನೀರಿಗಂತನೇ ಸಣ್ಣ ಬಾಗಿಲು ಅದಾವ, ಅಕ್ವಾಪೋರಿನ್ ಅಂತ ಹೆಸರು. ಅದನ್ನ ಕಂಡುಹಿಡದ ಪೀಟರ್ ಆಗ್ರೆ ಅವರಿಗೆ 2003ರಾಗ ರಸಾಯನಶಾಸ್ತ್ರದ ನೊಬೆಲ್ ಬಂತು, ಅವರು ಮೊದಲು ಕಂಡಿದ್ದು ಮನಷ್ಯಾರ ರಕ್ತಕಣದಾಗ, ಆಮ್ಯಾಲೆ ನೋಡಿದ್ರ ಗಿಡದಾಗ ನಮಗಿಂತ ಎಷ್ಟೋ ಜಾಸ್ತಿ ನಮೂನಿ ಅದಾವ. ಮುಂದಿನ ಸಲ ನೀರಾಗ ಇಡೋಕ್ಕಿಂತ ಮೊದಲು ದಂಟಿನ ತುದಿ ಅರ್ಧ ಇಂಚು ಹೊಸದಾಗಿ ಕತ್ತರಿಸ್ರಿ, ಒಣಗಿದ ತುದ್ಯಾಗ ಗಾಳಿ ಸೇರಿ ಕೊಳವಿ ಕಟ್ಟಿಕೊಂಡಿರ್ತೈತಿ.

ಮಗಳಿಗೆ ಒಂದು ಪರೀಕ್ಷೆ ಮಾಡಿ ತೋರಸ್ರಿ. ಒಂದು ಆಲೂಗಡ್ಡಿನ ಬೆರಳುದ್ದ ಪಟ್ಟಿ ಮಾಡಿ ಎರಡು ಲೋಟ ತಗೊಳ್ರಿ, ಒಂದರಾಗ ಬರೇ ನೀರು, ಇನ್ನೊಂದರಾಗ ಎರಡು ಚಮಚ ಉಪ್ಪು ಕಲಸಿದ ನೀರು, ಪಟ್ಟಿ ಹಾಕಿ ಎರಡು ತಾಸು ಬಿಟ್ಟು ತಗದು ಬಗ್ಗಿಸಿ ನೋಡ್ರಿ. ಬರೇ ನೀರಾಗಿಂದು ಕಟಕ್ ಅಂತ ಮುರೀತೈತಿ, ಉಪ್ಪು ನೀರಾಗಿಂದು ರಬ್ಬರ್ ಹಂಗ ಬಗ್ಗತೈತಿ. ಸೌತಿಕಾಯಿ ಹಚ್ಚಿ ಉಪ್ಪು ಉದುರಿಸಿದ ಮ್ಯಾಲೆ ತಟ್ಟಿ ತುಂಬ ನೀರು ಬರ್ತೈತಲ್ಲ, ಮಾವಿನಕಾಯಿ ಹೋಳಿಗೆ ಉಪ್ಪು ಹಚ್ಚಿಟ್ರ ರಸ ಬಿಡ್ತೈತಲ್ಲ, ಎಲ್ಲಾ ಇದೇ ಕಥಿ, ಹೊರಗ ಗಟ್ಟಿ ಆತಂದ್ರ ನೀರು ಹೊರಗ ಓಡ್ತೈತಿ.

ಆದ್ರ ನೀರಾಗ ಇಟ್ರ ಏಳಬೇಕಂದ್ರ ಪೊರೆ ಜೀವಂತ ಇರಬೇಕು, ಇದು ಮುಖ್ಯ. ಒಂದು ಬುಟ್ಟಿ ಪುಂಡಿಪಲ್ಯ ಬೋಗುಣ್ಯಾಗ ಹಾಕಿ ಒಲಿ ಮ್ಯಾಲೆ ಇಟ್ರ ಐದು ನಿಮಿಷದಾಗ ಒಂದು ಹಿಡಿ ಆಗ್ತೈತಿ. ಬುಟ್ಟಿ ತುಂಬ ಇದ್ದಿದ್ದು ಎಲ್ಲಿ ಹೋತು? ಬಿಸಿಗೆ ಪೊರೆ ಒಡದು ಹೋತು, ಬಿಗದು ನಿಂತ ನೀರೆಲ್ಲಾ ಹೊರಗ ಬಂತು, ಗ್ವಾಡಿ ಅಷ್ಟೇ ಉಳೀತು, ಅದೂ ಒಂದರ ಮ್ಯಾಲೊಂದು ಬಿತ್ತು. ಅದನ್ನ ತಗದು ಎಷ್ಟು ತಣ್ಣೀರಾಗ ಇಟ್ರೂ ಏಳಂಗಿಲ್ಲ. ಫ್ರಿಡ್ಜಿನ ಬರ್ಫದ ಖಾನೆದಾಗ ಕೊತ್ತಂಬ್ರಿ ಇಟ್ಟು ತಗದ್ರೂ ಹಿಂಗೇ ಪಿಚಿಪಿಚಿ ಆಗೋದು, ಅಲ್ಲಿ ಒಳಗಿನ ಬರ್ಫ ಪೊರೆ ಹರೀತೈತಿ.

ಪ್ರಶ್ನೆ: ಎರಿ ಹೊಲದಾಗ ನಾಕು ಎಕರೆ ಹತ್ತಿ ಹಾಕೀನಿ. ಇಪ್ಪತ್ತು ದಿನ ಮಳಿ ಇರಲಿಲ್ಲ, ಆಮ್ಯಾಲೆ ಎರಡು ದಿನ ಒಂದೇ ಸಮ ಹೊಡೀತು, ಮೂರನೇ ದಿನ ಸುಡೋ ಬಿಸಿಲು. ಕಾಯಿ ತುಂಬಿದ್ದ ಗಿಡ ಅಲ್ಲಲ್ಲೇ ಒಮ್ಮೆಗೇ ಜೋತುಬಿದ್ದಾವ. ಒಂದು ಔಷಧಿ ಅಂಗಡ್ಯಾಗ ರೋಗ ಅಂದು ಎರಡು ಬಾಟಲಿ ಕೊಟ್ರು, ಏನೂ ಆಗಲಿಲ್ಲ. ಕಾಲಾಗ ನೀರು ನಿಂತಿದ್ರೂ ಗಿಡ ಬಾಡೋದು ಅಂದ್ರ ಏನ್ರಿ?
ರಾಯಚೂರು ತಾಲೂಕಿನ ಒಬ್ಬ ರೈತರು

ಉತ್ತರ: ಅಣ್ಣಾರ, ನೀವು ಬರದಿದ್ದು ಓದಿ ಮನಸಿಗೆ ಕಷ್ಟ ಆತು, ಕಾಯಿ ಬಿಟ್ಟ ಮ್ಯಾಲೆ ಗಿಡ ಹೋಗೋದು ಅಂದ್ರ ತುತ್ತು ಬಾಯಿಗೆ ಬಂದಾಗ ಕಸಗೊಂಡಂಗ. ನೀವು ಬರದ ಲಕ್ಷಣಕ್ಕ ಪ್ಯಾರಾ ವಿಲ್ಟ್ ಅಂತಾರ, ಇದಕ್ಕ ಹುಳ ಕಾರಣ ಅಲ್ಲ, ಬೂಷ್ಟು ಕಾರಣ ಅಲ್ಲ, ಅದಕ್ಕ ಆ ಬಾಟಲಿ ಕೆಲಸ ಮಾಡಲಿಲ್ಲ.

ಬೇರಿಗೆ ನೀರು ಬೇಕಾದಷ್ಟೇ ಉಸಿರೂ ಬೇಕು. ಎರಿ ಮಣ್ಣು ಒಮ್ಮೆ ತುಂಬಿತಂದ್ರ ಮಣ್ಣಿನ ಸಂದಿಯೊಳಗಿನ ಗಾಳಿ ಎಲ್ಲಾ ಹೊರಗ ಹೋಗ್ತೈತಿ, ಬೇರಿನ ಕೋಶಕ್ಕ ಆಕ್ಸಿಜನ್ ಇಲ್ದಂಗಾಗ್ತೈತಿ, ಒಳಗ ಹುಳಿ ಏರ್ತೈತಿ, ಹುಳಿ ಏರಿದ್ರ ಮ್ಯಾಲೆ ಹೇಳಿದ್ನಲ್ಲ ಅಕ್ವಾಪೋರಿನ್ ಬಾಗಿಲು, ಅವು ಮುಚ್ಚಿಕೊಂತಾವ. ಸುತ್ತ ನೀರು ತುಂಬೈತಿ, ಒಳಗ ಹೋಗಾಕ ಬಾಗಿಲಿಲ್ಲ. ಮ್ಯಾಲೆ ನೋಡಿದ್ರ ಬಿಸಿಲಿಗೆ ಎಲಿ ಎಲ್ಲಾ ನೀರು ಕಳಕೊಂಡಕೋತ ಹೊಂಟೈತಿ, ತುಂಬಿದ ಕಾಯಿ ಬ್ಯಾರೆ ಎಳಕೊಂಡಕೋತ ಅದಾವ. ಬರೋದು ನಿಂತು ಹೋಗೋದು ಜೋರಾತು, ಒಂದು ಮಧ್ಯಾಹ್ನದಾಗ ಒತ್ತಡ ಇಳದು ಬಿಡ್ತೈತಿ. ಇಂಥಾ ಹೊತ್ತಿನ್ಯಾಗ ಬಾಡೈತಿ ಅಂತ ಇನ್ನಷ್ಟು ನೀರು ಬಿಟ್ಟವರನ್ನೂ ನಾನು ನೋಡೀನಿ. ಕೈ ಮುಗದು ಕೇಳ್ತೀನಿ, ಬಾಡಿದ ಗಿಡ ಕಂಡ ಕೂಡ್ಲೆ ನೀರು ಬಿಡಬ್ಯಾಡ್ರಿ, ಮೊದಲು ಬುಡದ ಮಣ್ಣು ಒಂದು ಗೇಣು ತೋಡಿ ಕೈಯಾಗ ಹಿಡದು ನೋಡ್ರಿ. ಅದು ಕೈಗೆ ಮೆತ್ತತೈತಿ ಅಂದ್ರ ಅದಕ್ಕ ಬೇಕಾಗಿದ್ದು ಗಾಳಿ.

ಮೊದಲ್ನೇ ಕೆಲಸ ಬಸಿಗಾಲುವಿ ಹೊಡದು ನಿಂತ ನೀರು ಹೊರಗ ಹಾಕೋದು, ನೆಲ ಆರಿದ ಮ್ಯಾಲೆ ಬುಡದ ಮಣ್ಣು ಸಡ್ಲ ಮಾಡೋದು. ಬಾಡಾಕ ಶುರುವಾದ ಕೆಲವು ತಾಸಿನೊಳಗೇ ಆದ್ರ ಕೋಬಾಲ್ಟ್ ಕ್ಲೋರೈಡ್ 10 ಪಿಪಿಎಂ ಸಿಂಪಡಿಸಾಕ ಹೇಳ್ತಾರ, ಅಂದ್ರ 100 ಲೀಟರ್ ನೀರಿಗೆ 1 ಗ್ರಾಂ, ಅಷ್ಟೇ, ಇದಕ್ಕಿಂತ ಹೆಚ್ಚಲ್ಲ. ಸಂಕಟದಾಗ ಗಿಡ ಎಥಿಲಿನ್ ಅನ್ನೋ ಗ್ಯಾಸ್ ಜಾಸ್ತಿ ಮಾಡಿ ಎಲಿ ಕಾಯಿ ಉದುರಿಸ್ತೈತಿ, ಕೋಬಾಲ್ಟ್ ಅದನ್ನ ತಡೀತೈತಿ. ಒಂದು ದಿನ ದಾಟಿದ ಮ್ಯಾಲೆ ಹಾಕಿದ್ರ ರೊಕ್ಕ ದಂಡ. ನಿಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರಿಗೆ ಗಿಡ ತೋರಿಸಿನೇ ಮುಂದುವರೀರಿ.

ಇದನ್ನ ತೊಗರಿ ನೆಟೆ ರೋಗದ ಜೊತಿ ಕಲಸಬ್ಯಾಡ್ರಿ. ಅಲ್ಲಿ ಮಣ್ಣಿನೊಳಗಿನ ಫ್ಯುಸೇರಿಯಂ ಅನ್ನೋ ಬೂಷ್ಟು ಬೇರಿಂದ ಹೊಕ್ಕು ಕ್ಸೈಲಂ ಕೊಳವಿ ಕಟ್ಟಿಸಿ ಹಾಕ್ತೈತಿ, ಮ್ಯಾಲೆ ನೋಡಾಕ ಎರಡೂ ಒಂದೇ, ಜೋತುಬಿದ್ದ ಎಲಿ. ಕಾಂಡ ಉದ್ದಕ್ಕ ಸೀಳಿ ನೋಡ್ರಿ, ನೆಟೆ ಆಗಿದ್ರ ಒಳಗ ಕಂದು, ಕರೀ ಗೆರಿ ಕಾಣ್ತಾವ.

ಹತ್ತಿ ಬಗ್ಗೆ ಇನ್ನೊಂದು ಮಾತು ಹೇಳದ ಬಿಡಾಕ ಮನಸಿಲ್ಲ. ನೀವು ಮಾರೋ ಹತ್ತಿಯ ಒಂದೊಂದು ಎಳಿನೂ ಒಂದೇ ಒಂದು ಜೀವಕೋಶ ಅಣ್ಣಾರ. ಹೂ ಬಿಟ್ಟ ದಿನ ಬೀಜದ ಮ್ಯಾಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಬುಟು ಏಳ್ತೈತಿ, ಆಮ್ಯಾಲೆ ಸುಮಾರು ಮೂರು ವಾರ ಒಳಗಿನ ನೀರಿನ ಒತ್ತಡನೇ ಅದನ್ನ ಹಿಗ್ಗಿಸಿ ಹಿಗ್ಗಿಸಿ ಮೂರು ಸೆಂಟಿಮೀಟರ್ ತನಕ ಉದ್ದ ಮಾಡ್ತೈತಿ. ಆ ಮೂರು ವಾರದಾಗ ನೀರಿನ ತ್ರಾಸಾದ್ರ ಎಳಿ ಗಿಡ್ಡ ಆಗ್ತೈತಿ, ಮಾರ್ಕೆಟ್‌ನ್ಯಾಗ ಎಳಿ ಎಳದು ನೋಡಿ ರೇಟ್ ಇಳಿಸ್ತಾರಲ್ಲ, ಆ ಗಿಡ್ಡ ಎಳಿ ಹುಟ್ಟಿದ್ದು ಆವಾಗಲೇ. ಕಾಯಿ ಒಡದು ಬಿಸಿಲಿಗೆ ಬಂದಾಗ ಒಳಗಿನ ನೀರು ಆರಿ ಆ ಉರುಟು ಎಳಿ ಚಪ್ಪಟೆ ಆಗಿ ರಿಬ್ಬನ್ ಹಂಗ ಸುತ್ತಿಕೊಂತೈತಿ, ನೂಲು ತಗಿಯುವಾಗ ಒಂದಕ್ಕೊಂದು ಹಿಡಕೊಳ್ಳೋದು ಆ ಸುತ್ತಿನಿಂದ.

ಪ್ರಶ್ನೆ: ಕಾಲುವಿ ಪಕ್ಕದ ತಗ್ಗು ಗದ್ದಿ. ಮೇಲೆ ಬೆಳ್ಳಗ ಉಪ್ಪು ಏಳ್ತೈತಿ. ನೀರಿಗೆ ಕೊರತಿ ಇಲ್ಲ, ಆದ್ರೂ ಭತ್ತದ ಸಸಿ ಮಧ್ಯಾಹ್ನ ಆದ್ರ ಎಲಿ ಸುತ್ತಿಕೊಂಡು ತುದಿ ಒಣಗ್ತಾವ.
ಗಂಗಾವತಿ ತಾಲೂಕಿನ ಓದುಗರು

ಉತ್ತರ: ಮ್ಯಾಲೆ ಆಲೂಗಡ್ಡಿ ಪರೀಕ್ಷೆ ಹೇಳಿದ್ನಲ್ಲ, ನಿಮ್ಮ ಗದ್ದಿ ಅಂದ್ರ ಆ ಎರಡನೇ ಲೋಟ. ಬೇರಿನ ಕೋಶದ ರಸಕ್ಕಿಂತ ಹೊರಗಿನ ನೀರು ತೆಳ್ಳಗಿದ್ರ ನೀರು ಸರಾಗ ಒಳಗ ಬರ್ತೈತಿ, ಹೊರಗ ಉಪ್ಪು ಏರಿದಂಗೆಲ್ಲಾ ಬರೋದು ಕಷ್ಟ ಆಗ್ತೈತಿ. ಮಣ್ಣು ಪರೀಕ್ಷೆ ಚೀಟಿಯೊಳಗ ಇಸಿ ಅಂತ ಒಂದು ಅಂಕಿ ಬರ್ತೈತಿ, ಕರಗಿದ ಉಪ್ಪು ಎಷ್ಟೈತಿ ಅಂತ ತೋರಿಸೋದು ಅದು, ಮಣ್ಣಿನ ಪೂರ್ತಿ ನೆನದ ಸಾರದಾಗ ಅದು 4 ದಾಟಿದ್ರ ಸವಳು ಅಂತ ಲೆಕ್ಕ. 4 ಅಂದ್ರ ಬೇರಿನ ವಿರುದ್ಧ ಹೆಚ್ಚುಕಡಿಮಿ ಒಂದೂವರಿ ಬಾರ್ ಎಳೆತ, ಮಣ್ಣು ಆರಿ ನೀರು ಅರ್ಧಕ್ಕ ಬಂತಂದ್ರ ಉಪ್ಪು ಅಷ್ಟೇ ಇರ್ತೈತಿ, ಎಳೆತ ಡಬಲ್. ಭತ್ತ ಉಪ್ಪಿಗೆ ಭಾಳ ಸೂಕ್ಷ್ಮ, 3 ದಾಟಿದ್ರೇ ಇಳುವರಿ ಇಳಿಯಾಕ ಶುರು.

ಹಂಗಂತ ನೀರು ಜಾಸ್ತಿ ಬಿಟ್ಟು ತೊಳೀತೀನಿ ಅಂದ್ರೂ, ತೊಳದ ನೀರು ಹೊರಗ ಹೋಗಾಕ ದಾರಿ ಇಲ್ದ ಹೋದ್ರ ಅಂತರ್ಜಲ ಮ್ಯಾಲೆ ಬಂದು ಸವಳಿನ ಜೊತಿ ಜವಳೂ ಆಗ್ತೈತಿ, ನೀರು ಆವಿ ಆದಂಗ ಕೆಳಗಿನ ಉಪ್ಪು ಮತ್ತ ಮ್ಯಾಲಕ್ಕ ಬಂದು ಕುಂದ್ರತೈತಿ. ಬಸಿಗಾಲುವಿ ಮೊದಲು, ತೊಳಿಯೋದು ಆಮ್ಯಾಲೆ. ಸೋಡಿಯಂ ಜಾಸ್ತಿ ಇರೋ ಕ್ಷಾರ ಮಣ್ಣಾದ್ರ ಜಿಪ್ಸಮ್ ಬೇಕಾಗ್ತೈತಿ, ಎಷ್ಟು ಅಂತ ಮಣ್ಣು ಪರೀಕ್ಷೆ ಮಾಡಿಸದ ಹಾಕಬ್ಯಾಡ್ರಿ. ನಿಮ್ಮ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಾಗೇ ಸವಳು ಜವಳು ಭೂಮಿ ಮ್ಯಾಲೆ ಕೆಲಸ ಮಾಡೋರು ಅದಾರ, ಮಣ್ಣು ತಗೊಂಡು ಒಂದು ಸಲ ಹೋಗಿ ಬರ್ರಿ.

ಉಪ್ಪಷ್ಟೇ ಅಲ್ಲ, ಗೊಬ್ಬರನೂ ಇದೇ ಕೆಲಸ ಮಾಡ್ತೈತಿ. ನಾನು ಹುಡುಗ ಇದ್ದಾಗ ನಮ್ಮ ಹಿತ್ತಲದ ಮೆಣಸಿನ ಸಸಿಗೆ ಲಗೂನ ಬೆಳೀಲಿ ಅಂತ ಬುಡಕ್ಕ ಅಂಟಿಸಿ ಒಂದೊಂದು ಹಿಡಿ ಯೂರಿಯಾ ಹಾಕಿ ನೀರು ಹನಿಸಿದ್ದೆ. ಮರುದಿನ ಮುಂಜಾನೆ ಹೋಗಿ ನೋಡಿದ್ರ ಮಣ್ಣು ಹಸೇನೇ ಐತಿ, ಸಸಿ ಎಲ್ಲಾ ನೆಲಕ್ಕ ತಲಿ ಹಚ್ಚಿ ಮಲಗ್ಯಾವ. ನಮ್ಮವ್ವ ಏನೂ ಬೈಲಿಲ್ಲ, ಕುಂತು ಒಂದೊಂದೇ ಸಸಿ ಬುಡದ ಮಣ್ಣು ತಗದು ಹೊರಗ ಚೆಲ್ಲಿ ಬರೇ ನೀರು ಹಾಕಿದ್ಲು, ಮೂರು ಸಸಿ ಉಳದ್ವು. ಬೇರಿನ ಕೋಶದೊಳಗಿನ ಪೊರೆ ಗ್ವಾಡಿಯಿಂದ ಬಿಟ್ಟು ಮುದುಡಿಕೊಂಡಿರ್ತೈತಿ ಅಂಥಾ ಹೊತ್ತಿನ್ಯಾಗ, ಲಗೂನ ತೊಳದ್ರ ಕೆಲವು ವಾಪಸ್ ಬರ್ತಾವ, ತಡಾ ಆದ್ರ ಇಲ್ಲ.

ಪ್ರಶ್ನೆ: ಸೂರ್ಯಕಾಂತಿ ಎಲಿ ಮಧ್ಯಾಹ್ನ ಜೋತುಬೀಳ್ತಾವ, ಸಂಜಿಗೆ ತಾವೇ ಏಳ್ತಾವ. ನೀರು ಬಿಡಬೇಕೇನು?
ಕುಷ್ಟಗಿಯಿಂದ

ಉತ್ತರ: ಸಂಜಿಗೆ ಎದ್ರ ಗಾಬರಿ ಬ್ಯಾಡ. ಬಿಸಿಲಾಗ ಹೋಗೋದು ಬರೋದಕ್ಕಿಂತ ಜಾಸ್ತಿ ಆಗಿರ್ತೈತಿ, ಹೊತ್ತು ಇಳದಂಗ ಬೇರು ಲೆಕ್ಕ ಸರಿ ಮಾಡ್ತೈತಿ. ನೋಡಬೇಕಾಗಿದ್ದು ಮುಂಜಾನೆ ಆರು ಗಂಟೆಗೆ. ರಾತ್ರಿ ಪೂರ್ತಿ ಸಿಕ್ರೂ ಎದ್ದಿಲ್ಲ ಅಂದ್ರ ಮಣ್ಣಿನ್ಯಾಗ ಎಳಕೊಳ್ಳಾಕ ಏನೂ ಉಳದಿಲ್ಲ. ವಿಜ್ಞಾನಿಗಳು ಈ ಗೆರಿಗೆ ಶಾಶ್ವತ ಬಾಡುವ ಬಿಂದು ಅಂತಾರ, ಮಣ್ಣು ನೀರನ್ನ 15 ಬಾರ್ ಬಲದಿಂದ ಹಿಡಕೊಂಡಿರೋ ಹಂತ ಅದು, ಇದನ್ನ ಗುರುತಿಸಾಕ ಅವರು ಪರೀಕ್ಷೆ ಗಿಡ ಅಂತ ಇಟ್ಕೊಂಡಿದ್ದೂ ಸೂರ್ಯಕಾಂತಿನೇ. ಮಸಾರಿ ಹೊಲ ನೀರು ಕಡಿಮಿ ಹಿಡೀತೈತಿ ಆದ್ರ ಇದ್ದಿದ್ದನ್ನ ಬಿಟ್ಟು ಕೊಡ್ತೈತಿ, ಎರಿ ಹೊಲ ಭಾಳ ಹಿಡೀತೈತಿ, ಕೊನಿಗೆ ಒಂದಿಷ್ಟು ಯಾರಿಗೂ ಕೊಡದಂಗ ಮುಷ್ಟಿಯೊಳಗ ಬಿಗದು ಇಟ್ಕೊಂತೈತಿ. ಅದಕ್ಕ ಒಂದು ಸಣ್ಣ ಮಳಿಗೆ ಮಸಾರಿ ಪೈರು ಚೇತರಿಸಿಕೊಂಡ್ರೂ ಎರಿ ಪೈರು ಹಂಗೇ ಇರ್ತೈತಿ. ಪಕ್ಕದ ಹೊಲದಾಗ ಜ್ವಾಳ ಇದ್ರ ಅದನ್ನೂ ನೋಡ್ರಿ, ಜೋತುಬೀಳಂಗಿಲ್ಲ, ಎಲಿ ಉದ್ದಕ್ಕ ಸುರುಳಿ ಸುತ್ತಿಕೊಂತೈತಿ. ಎಲಿ ಮ್ಯಾಲ್ಮೈಯಾಗ ಸಾಲಾಗಿ ಇರೋ ದೊಡ್ಡ ನೀರುಗೋಶಗಳು ಇಳದಾಗ ಎಲಿ ಮಡಚ್ತೈತಿ, ಬಿಸಿಲಿಗೆ ಮೈ ಒಡ್ಡೋದು ಕಡಿಮಿ ಆಗ್ತೈತಿ, ಜ್ವಾಳ ನಮ್ಮ ಸೀಮಿಗೆ ಒಗ್ಗಿದ್ದು ಸುಮ್ನ ಅಲ್ಲ.

ಪ್ರಶ್ನೆ: ಮುಟ್ಟಿದರೆ ಮುನಿ ಗಿಡಕ್ಕ ನರ ಇಲ್ಲ, ಸ್ನಾಯು ಇಲ್ಲ, ಆದ್ರೂ ಮುಟ್ಟಿದ ಕೂಡ್ಲೆ ಹೆಂಗ ಮಡಚ್ತೈತಿ ಸರ್?
ಕೊಪ್ಪಳದ ಎಂಟನೇತ್ತೆ ವಿದ್ಯಾರ್ಥಿ

ಉತ್ತರ: ತಮ್ಮಾ, ಎಲಿ ದೇಟಿನ ಬುಡ ಒಮ್ಮೆ ಸಮೀಪದಿಂದ ನೋಡು, ಸಣ್ಣ ಗಂಟು ಉಬ್ಬಿದಂಗ ಕಾಣ್ತೈತಿ, ಅದರ ಹೆಸರು ಪಲ್ವಿನಸ್. ಆ ಗಂಟಿನ ಮ್ಯಾಲೂ ಕೆಳಗೂ ಬಿಗದ ಕೋಶ ಅದಾವ. ಮುಟ್ಟಿದಾಗ ಒಂದು ವಿದ್ಯುತ್ ಸಂಕೇತ ಅಲ್ಲಿಗೆ ಹೋಗ್ತೈತಿ, ಒಂದು ಕಡಿ ಕೋಶಗಳು ಪೊಟ್ಯಾಷಿಯಂ ಕ್ಲೋರೈಡ್ ಹೊರಗ ಬಿಡ್ತಾವ, ಅದರ ಬೆನ್ನ ಹಿಂದೆ ನೀರೂ ಹೊರಗ ಹೋಗ್ತೈತಿ, ಆ ಕಡಿ ಟೈರ್ ಇಳದಂಗ ಆಗಿ ದೇಟು ಕೆಳಗ ಬೀಳ್ತೈತಿ. ಎಲ್ಲಾ ಒಂದು ಸೆಕೆಂಡಿನ ಆಟ. ವಾಪಸ್ ನೀರು ತುಂಬಾಕ ಮಾತ್ರ ಹತ್ತಿಪ್ಪತ್ತು ನಿಮಿಷ ಬೇಕು, ಅದಕ್ಕ ಮತ್ತ ಮತ್ತ ಮುಟ್ಟಿ ಅದಕ್ಕ ದಣಿವು ಮಾಡಬ್ಯಾಡ. ಈ ಸಂಕೇತವನ್ನ ನೂರು ವರ್ಷದ ಹಿಂದೇ ತಾವೇ ಕಟ್ಟಿದ ಸೂಕ್ಷ್ಮ ಯಂತ್ರದಿಂದ ಅಳದವರು ನಮ್ಮ ದೇಶದ ಜಗದೀಶ ಚಂದ್ರ ಬೋಸ್, 1917ರಾಗ ಕಲ್ಕತ್ತಾದಾಗ ಬೋಸ್ ಇನ್‌ಸ್ಟಿಟ್ಯೂಟ್ ಕಟ್ಟಿದವರು.

ಮುಟ್ಟಿದರೆ ಮುನಿ ನಿಮ್ಮೂರಾಗ ಸಿಗದಿದ್ರ ಶೇಂಗಾ ಹೊಲಕ್ಕ ರಾತ್ರಿ ಎಂಟು ಗಂಟೆಗೆ ಬ್ಯಾಟರಿ ಹಿಡಕೊಂಡು ಅಪ್ಪನ ಜೊತಿ ಹೋಗು. ಹಗಲಿನ್ಯಾಗ ಅಗಲ ಬಿಚ್ಚಿಕೊಂಡಿದ್ದ ಎಲಿ ಎಲ್ಲಾ ಎರಡೆರಡು ಕೈ ಮುಗದಂಗ ಮಡಚಿಕೊಂಡಿರ್ತಾವ. ಹುಣಸಿ ಗಿಡದ ಎಲಿನೂ ಹಂಗೇ. ಅಲ್ಲೂ ಇದೇ ಗಂಟು, ಇದೇ ನೀರು, ಬರೇ ನಿಧಾನ.

ಪ್ರಶ್ನೆ: ಬಾಳಿಗೆ ಕಟ್ಟಿಗಿ ಇಲ್ಲ ಅಂತಾರ. ಹಂಗಾದ್ರ ಅಷ್ಟೆತ್ತರ ನಿಂತು ಅಷ್ಟು ಭಾರದ ಗೊನಿ ಹೆಂಗ ಹೊರತೈತಿ?
ಆನೆಗೊಂದಿಯ ಓದುಗರು

ಉತ್ತರ: ಬೇವಿನ ಗಿಡ ಒಣಗಿ ಸತ್ರೂ ವರ್ಷಗಟ್ಲೆ ನಿಂತೇ ಇರ್ತೈತಿ, ಯಾಕಂದ್ರ ಅದರ ಗ್ವಾಡಿಗೆ ಲಿಗ್ನಿನ್ ಸೇರಿ ಕಟ್ಟಿಗಿ ಆಗಿರ್ತೈತಿ, ನೀರು ಬಿಟ್ರೂ ಗ್ವಾಡಿ ತಾನೇ ನಿಂದ್ರತೈತಿ. ಬಾಳಿ ಹಂಗಲ್ಲ. ಅದರ ಕಾಂಡ ಅನ್ನೋದು ಕಾಂಡನೇ ಅಲ್ಲ, ಎಲಿ ಬುಡದ ಪಟ್ಟಿಗಳು ಒಂದರ ಮ್ಯಾಲೊಂದು ಬಿಗಿಯಾಗಿ ಸುತ್ತಿಕೊಂಡಿದ್ದು. ಒಂದು ಪಟ್ಟಿ ಅಡ್ಡ ಕೊಯ್ದು ಕೈಯಾಗ ಹಿಡೀರಿ, ಒಳಗ ಜೇನುಗೂಡಿನ ಹಂಗ ಗಾಳಿ ಖಾನೆ ಕಾಣ್ತಾವ, ಖಾನೆ ನಡುವಿನ ತೆಳ್ಳನ ಅಡ್ಡಗ್ವಾಡಿಯಿಂದ ನೀರು ಇಳೀತೈತಿ, ಅಂಚಿಗೆ ನಾರಿನ ಎಳಿ ಅದಾವ. ತೂಕದಾಗ ಹತ್ತರಾಗ ಒಂಬತ್ತು ಪಾಲಿಗಿಂತ ಹೆಚ್ಚು ಬರೇ ನೀರು. ನಾರು ಎಳೆತ ತಡೀತೈತಿ, ಬಿಗದ ಕೋಶಗಳು ಒತ್ತು ತಡೀತಾವ, ಎರಡೂ ಕೂಡಿ ಗೊನಿ ಹೊರತಾವ. ಬ್ಯಾಸಗ್ಯಾಗ ಎರಡು ನೀರು ತಪ್ಪಿದ ತೋಟದಾಗ ಗಾಳಿ ಬಿಟ್ರ ಗಿಡ ನಡಕ್ಕೇ ಮುರಕೊಂಡು ಬೀಳೋದು ನೀವೇ ನೋಡಿರ್ತೀರಿ.

ನಿಮ್ಮೂರಾಗ ಹೆಣ್ಮಕ್ಕಳು ಇದೇ ಪಟ್ಟಿ ಒಣಗಿಸಿ ನಾರು ಹೊಸದು ಬುಟ್ಟಿ, ಚೀಲ ಹೆಣೀತಾರಲ್ಲ, ಅವರ ಹತ್ರ ಒಂದು ಒಣಗಿದ ಪಟ್ಟಿ ಕೇಳಿ ತಗೊಳ್ರಿ. ಅಂಗೈ ದಪ್ಪ ಇದ್ದಿದ್ದು ಕಾಗದದ ಹಂಗ ಆಗಿರ್ತೈತಿ, ಅದು ಗ್ವಾಡಿ ಅಷ್ಟೇ, ಎಳದ್ರ ಹರಿಯಂಗಿಲ್ಲ ಅಷ್ಟು ಗಟ್ಟಿ. ಒಂದು ಚರಿಗಿ ನೀರಾಗ ಅದ್ದಿ ರಾತ್ರಿ ಪೂರ್ತಿ ಬಿಡ್ರಿ. ನೆನೀತೈತಿ, ಮೆತ್ತಗಾಗ್ತೈತಿ, ಹೆಣಿಯಾಕ ಇನ್ನೂ ಚೊಲೋ ಆಗ್ತೈತಿ, ಆದ್ರ ಕೊತ್ತಂಬ್ರಿ ಹಂಗ ಎದ್ದು ನಿಂದ್ರಂಗಿಲ್ಲ. ನೀರು ಹಿಡದು ಇಟ್ಕೊಳ್ಳೋ ಪೊರೆ ಅದರಾಗ ಇಲ್ಲ.